ಬದರಿನಾಥರು ಹೋಗದೇ ಉಳಿದ ಶ್ರಾದ್ಧ

ಇಷ್ಟು ವರ್ಷದಲ್ಲಿ ಯಾರ ಮನೆಯ ವಿಷಯಕ್ಕೂ ತಲೆ ಹಾಕಿದವನಲ್ಲ ಎಂಬುದು ಬದರಿನಾಥರ ದೊಡ್ಡ ಹೆಮ್ಮೆಯಾಗಿತ್ತು. ಮೈಸೂರಿನ ಚಾಮರಾಜಪುರಂನಲ್ಲಿ ಹುಟ್ಟಿ, ಕೇಂದ್ರ ಸರ್ಕಾರದ ಕಂಪನಿಯೊಂದನ್ನು ಸೇರಿ, ಕಲ್ಕತ್ತೆಗೆ ವರ್ಗವಾಗಿ ಬಂದು, ಲೇಕ್ ಗಾರ್ಡನ್ಸ್‌ನಲ್ಲಿ ರೈಲಿನ ಸದ್ದು ಕೇಳುವ ಬಾಡಿಗೆ ಮನೆಯಲ್ಲಿ ನೆಲೆ ನಿಂತವರು. ಪಕ್ಕದ ಮನೆಯವರ ಕೆಲಸವೇನೆಂದು ತಿಳಿಯುವುದಕ್ಕೆ ಅವರಿಗೆ ವರ್ಷಗಳೇ ಹಿಡಿದಿದ್ದವು. ಅದೂ ಹೆಂಡತಿ ಅಹಲ್ಯಾ ಹೇಳಿದ್ದಕ್ಕೆ. ಇದನ್ನು ಅವರು ಸಭ್ಯತೆ ಅನ್ನುತ್ತಿದ್ದರು. ಬಂಗಾಳಿಗಳು ಏನನ್ನುತ್ತಾರೆ ಎಂದು ಯಾರನ್ನೂ ಕೇಳಿರಲಿಲ್ಲ.

ಐವತ್ತರ ಹತ್ತಿರ ಬಂದಾಗ ಕಂಪನಿ ಸ್ವಯಂ ನಿವೃತ್ತಿ ಯೋಜನೆ ತಂದಿತು. ಅದು ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಕಂಪ್ಯೂಟರ್ ಗೊತ್ತಿದ್ದರೆ ತಲೆ ನರೆತವರನ್ನೂ ಕರೆದು ಕೂರಿಸುತ್ತಿದ್ದರು. ಹಾಗೆ ಬದರಿನಾಥರು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆದರು. ಕೈಕೆಳಗೆ ಹತ್ತು ಹನ್ನೆರಡು ಜನ, ಎಲ್ಲರೂ ಬಂಗಾಳಿಗಳು. ಬೆಳಗ್ಗೆ ಬಂದವರೇ ಚಹಾ ಹಿಡಿದು ಹರಟೆಗೆ ನಿಲ್ಲುವುದನ್ನು ನೋಡಿ ಇವರಿಗೆ ರೇಗುತ್ತಿತ್ತು. ಬಾಯಿಬಿಟ್ಟು ಬೈಯುವ ಜಾಯಮಾನವಲ್ಲ, ಹಾಗಾಗಿ ಎಲ್ಲಕ್ಕೂ ಮೇಲ್ ಕಳಿಸುತ್ತಿದ್ದರು.

ಮೊದಲ ತಿಂಗಳೇ ಸುಬಿಮಲ್ ಹಾಲ್ದಾರ್ ಎದ್ದು ಬಂದು ಎದುರಿಗೆ ನಿಂತ. ಇವರ ಕೈಕೆಳಗಿನವರಲ್ಲಿ ಅವನೇ ಹಿರಿಯ, ನಲವತ್ತರ ಆಸುಪಾಸಿನವನು. ಇವರ ಪಕ್ಕದ ಕುರ್ಚಿಯವನು.

"ಬದರಿದಾ, ನನ್ನಿಂದ ಏನಾದರೂ ತಪ್ಪಾಯಿತಾ?" ಹೆಸರಿಗೆ ಬಂಗಾಳಿಗಳು ಅಣ್ಣ ಎಂಬರ್ಥದಲ್ಲಿ ಹಚ್ಚುವ ‘ದಾ’ ಸೇರಿಸಿ, ಹಿಂದಿ ಇಂಗ್ಲಿಷ್ ಬೆರೆಸಿ ಕೇಳಿದ. "ಕೈ ಚಾಚಿದರೆ ಸಿಗುತ್ತೇನೆ, ನನಗೆ ಮೇಲ್ ಕಳಿಸಿದ್ದೀರಿ."

ತಪ್ಪೇನೂ ಇಲ್ಲ, ಅದು ಕೆಲಸದ ರೀತಿ ಎಂದರು ಬದರಿನಾಥರು. ಸುಬಿಮಲ್ ನಕ್ಕು, ಕೈ ಹಿಡಿದೇ ಅವರನ್ನು ಕೆಳಗಿನ ಚಹಾ ಅಂಗಡಿಗೆ ಎಳೆದುಕೊಂಡು ಹೋದ. ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಿಸಿ ಪಾಠ ಹೇಳಿದ: "ನಮ್ಮ ಟೀಮಿನ ಮೌಶುಮಿಯನ್ನು ಮೊದಲು ಅವಳಪ್ಪನ ಕಣ್ಣಿನ ಆಪರೇಷನ್ ಏನಾಯಿತು ಅಂತ ಕೇಳಿ. ಆಮೇಲೆ ಕೋಡ್ ಎಲ್ಲಿಗೆ ಬಂತು ಅಂತ ಕೇಳಿ. ಉಲ್ಟಾ ಮಾಡಬೇಡಿ."

ಕೇಳುವುದಕ್ಕೆ ಬದರಿನಾಥರಿಗೆ ಮೈಯೆಲ್ಲ ಮುದುಡಿತು. ಆದರೂ ಕೇಳಿದರು. ಕೆಲಸ ಸಲೀಸಾಗಿ ಆಯಿತು. ಅಂದಿನಿಂದ ಆಫೀಸಿನಲ್ಲಿ ಯಾರು ಯಾಕೆ ಮುಖ ಊದಿಸಿಕೊಂಡಿದ್ದಾರೆ, ಯಾವಾಗ ಗದರಬೇಕು, ಯಾವಾಗ ಬಿಡಬೇಕು ಎಂಬುದನ್ನೆಲ್ಲ ಸುಬಿಮಲ್ ಕಿವಿಯಲ್ಲಿ ಹೇಳುವವನು, ಇವರು ಕೇಳುವವರು. ಸುಬಿಮಲ್ ಇಲ್ಲದಿದ್ದರೆ ತಾನು ಆ ಕುರ್ಚಿಯಲ್ಲಿ ಆರು ತಿಂಗಳೂ ಉಳಿಯುತ್ತಿರಲಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸರಸ್ವತಿ ಪೂಜೆಗೆ ಸುಬಿಮಲ್ ಅವರನ್ನು ಬೆಹಾಲಾದ ತನ್ನ ಮನೆಗೆ ಕರೆದಿದ್ದ. ಅವನ ತಾಯಿ ಈರುಳ್ಳಿ ಮುಟ್ಟದ ಖಿಚುಡಿ ಮಾಡಿ ಬಡಿಸಿ, ಪಕ್ಕದಲ್ಲೇ ಕೂತು, ಮನೆ ಬಾಡಿಗೆ ಎಷ್ಟು, ಒಂದೇ ಮಗು ಯಾಕೆ, ಇಷ್ಟು ಬಡಕಲಾಗಿರುವುದು ಯಾಕೆ ಎಂದು ಒಂದೊಂದಾಗಿ ಕೇಳಿದ್ದರು. ಬದರಿನಾಥರು ಒಂದೊಂದಕ್ಕೂ ತಟ್ಟೆ ನೋಡುತ್ತಲೇ ಉತ್ತರ ಹೇಳಿದ್ದರು. ಮನೆಗೆ ಬಂದ ಮೇಲೆ ಮಾತ್ರ ಖುಷಿಯಾಗಿತ್ತು. ತೀರಿಹೋದ ತಾಯಿಯನ್ನು ಬಿಟ್ಟರೆ ಅವರ ಬಡಕಲು ಮೈಯ ಚಿಂತೆ ಮಾಡಿದವರು ಇನ್ನೊಬ್ಬರಿಲ್ಲ.

ಸುಬಿಮಲ್‌ನ ತಾಯಿ ೨೦೦೫ರ ಚಳಿಗಾಲದಲ್ಲಿ ತೀರಿಕೊಂಡರು. ಬದರಿನಾಥರು ಫೋನ್ ಮಾಡಿ, "ಎಷ್ಟು ದಿನ ಬೇಕಾದರೂ ರಜೆ ತಗೊಳ್ಳಿ, ಕೆಲಸದ ಕಡೆ ನಾನು ನೋಡಿಕೊಳ್ಳುತ್ತೇನೆ" ಎಂದರು. ಮನಸ್ಸಿಗೆ ತುಂಬ ನೋವಾಗಿತ್ತು. ಆದರೆ ಸೂತಕದ ಮನೆಯಲ್ಲಿ ಹೊರಗಿನವರು ಹೋಗಿ ಕೂತರೆ ಅವರಿಗೇ ತೊಂದರೆ ಎಂದು ಹೋಗಲಿಲ್ಲ.

ಕೆಲವು ದಿನಗಳ ನಂತರ ಸುಬಿಮಲ್ ತಾನೇ ಆಫೀಸಿಗೆ ಬಂದ. ಬರಿಗಾಲು, ಹೊಲಿಗೆಯಿಲ್ಲದ ಬಿಳಿ ಬಟ್ಟೆ, ಬೆಳೆದ ಗಡ್ಡ, ಕಂಕುಳಲ್ಲಿ ದರ್ಭೆಯ ಚಾಪೆ. ಕಾವಲಿನವನು ಕೂಡ ಎದ್ದು ನಿಂತ. ಬದರಿನಾಥರು ನಂಬಲಾರದೆ ನೋಡಿದರು. ತಮ್ಮ ಕಡೆ ಕರ್ಮ ಮಾಡುವವನು ಆ ದಿನಗಳಲ್ಲಿ ಹೊಸಿಲು ದಾಟಿ ಊರು ಸುತ್ತುವುದುಂಟೇ? ಸುಬಿಮಲ್ ಶ್ರಾದ್ಧಕ್ಕೆ ಕರೆಯುವ ಅಚ್ಚಿನ ಕಾರ್ಡನ್ನು ಮೇಜಿನ ಮೇಲಿಟ್ಟು, ಎಲ್ಲರ ಕಡೆ ನೋಡಿ, "ಅಮ್ಮನ ಕೆಲಸ. ಎಲ್ಲರೂ ಬರಬೇಕು. ಬದರಿದಾ, ನೀವಂತೂ ಬರಲೇಬೇಕು" ಎಂದ. ಬದರಿನಾಥರು ಕೈ ಮುಗಿದರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಮನೆಯಲ್ಲಿ ಕಾರ್ಡು ನೋಡಿ ಅಹಲ್ಯಾ ಹುಬ್ಬು ಗಂಟಿಕ್ಕಿದರು. "ಶ್ರಾದ್ಧಕ್ಕೆ ಕಾರ್ಡ್ ಹಂಚ್ತಾರಾ ರೀ? ಹದಿಮೂರನೇ ದಿನ ವೈಕುಂಠ ಸಮಾರಾಧನೆಗೆ ಕರೆದ್ರೆ ಅದು ಬೇರೆ ಮಾತು. ಶ್ರಾದ್ಧದ ದಿನ ಕರೆದ ಬ್ರಾಹ್ಮಣರನ್ನ ಬಿಟ್ಟು ಇನ್ನೊಬ್ರು ಅಡುಗೆಮನೆ ಕಡೆ ಇಣುಕೂ ನೋಡಬಾರ್ದು ಅಂತಿದ್ರು ನಮ್ಮತ್ತೆ."

ಬಂಗಾಳಿ ಓದಬಲ್ಲ ಮಗಳು ಶ್ರಾವ್ಯಾ ಕಾರ್ಡು ತಿರುಗಿಸಿದಳು. "ಎರಡು ಡೇಟ್ ಇದೆ ಅಪ್ಪಾ. ಒಂದು ಶ್ರಾದ್ಧ. ಇನ್ನೊಂದು ಆಮೇಲೆ, ಫಿಶ್ ತಿಂದು ನಿಯಮ ಮುಗಿಸೋದು. ಇಲ್ಲಿ everybody goes. ನನ್ನ ಫ್ರೆಂಡ್ ಅಜ್ಜಿದಕ್ಕೆ ನಾನೂ ಹೋಗಿದ್ನಲ್ಲ."

"ನೀನು ಚಿಕ್ಕವಳು, ಸುಮ್ನಿರು" ಎಂದರು ಬದರಿನಾಥರು. ಶ್ರಾದ್ಧ ಹೊರಗಿನವರದ್ದಲ್ಲ, ಮೀನು ತಮ್ಮದಲ್ಲ. ಲೆಕ್ಕ ಮುಗಿದಂತಾಯಿತು. ತಮ್ಮ ತಂದೆ ಹೋದಾಗ ಹಳೆಯ ಕಂಪನಿಯಲ್ಲಿದ್ದ ಕನ್ನಡದವರು ಕರ್ಮ ಮುಗಿಯುವವರೆಗೆ ಮನೆ ಕಡೆ ತಲೆ ಹಾಕದೆ ಇದ್ದದ್ದನ್ನು ಅವರು ಇವತ್ತಿಗೂ ದೊಡ್ಡ ಗುಣ ಎಂದು ನೆನೆಯುತ್ತಿದ್ದರು. ಅದೇ ಗುಣವನ್ನು ಸುಬಿಮಲ್‌ಗೂ ತೋರಿಸುವುದು ಎಂದುಕೊಂಡರು.

ಶ್ರಾದ್ಧದ ದಿನವೇ ಮಧ್ಯಾಹ್ನ ವಿದೇಶದ ಗ್ರಾಹಕರಿಗೆ ತೋರಿಸುವ ಡೆಮೊ ಬಿದ್ದಿತ್ತು. ಹಿಂದಿನ ದಿನ ಮೌಶುಮಿ ಬಂದು, "ಸರದಿಯ ಮೇಲೆ ಹೋಗಿ ಬಂದುಬಿಡುತ್ತೇವೆ, ಹೂವಿಟ್ಟು ಹತ್ತು ನಿಮಿಷ ಕೂತರೆ ಸಾಕು" ಎಂದಳು. ಬದರಿನಾಥರು ತಂದೆಯ ಹಾಗೆ ಗಂಭೀರವಾಗಿ ಹೇಳಿದರು: "ದುಃಖದಲ್ಲಿರುವ ಮನೆಯಲ್ಲಿ ಹೋಗಿ ಗುಂಪು ಕಟ್ಟುವುದು ಬೇಡಮ್ಮ. ಸುಬಿಮಲ್ ಪಾಲಿನ ಕೆಲಸವನ್ನೂ ನಾವೇ ಮುಗಿಸೋಣ. ಅದೇ ಅವರಿಗೆ ಕೊಡುವ ಮರ್ಯಾದೆ." ಹುಡುಗಿ ತನ್ನ ಕುರ್ಚಿಗೆ ಮರಳಿದಳು. ಮರುದಿನ ಒಬ್ಬರೂ ಕದಲಲಿಲ್ಲ. ಡೆಮೊ ಚೆನ್ನಾಗಿಯೇ ಆಯಿತು.

ಸುಬಿಮಲ್ ತಲೆ ಬೋಳಿಸಿಕೊಂಡು ಕೆಲಸಕ್ಕೆ ಮರಳಿದ. ಬದರಿನಾಥರು ಎದ್ದು ಹೋಗಿ, "ಹೇಗಿದ್ದೀರಿ?" ಎಂದರು. "ಚೆನ್ನಾಗಿದ್ದೇನೆ ಸರ್" ಎಂದ. ಆ ಸರ್ ಕಿವಿಗೆ ಕಲ್ಲಿನ ಹಾಗೆ ಬಡಿಯಿತು. ಅಂದಿನಿಂದ ಚಹಾಕ್ಕೆ ಅವನು ಒಬ್ಬನೇ ಹೋಗುತ್ತಿದ್ದ. ಕೇಳಿದ್ದಕ್ಕಷ್ಟೇ ಉತ್ತರ. ಕೈ ಚಾಚಿದರೆ ಸಿಗುವ ಕುರ್ಚಿಯಿಂದ ಬದರಿನಾಥರಿಗೆ ದಿನವೂ ಮೇಲ್ ಬರತೊಡಗಿತು: ಅಚ್ಚುಕಟ್ಟಾದ, ಒಂದು ಪದವೂ ಹೆಚ್ಚಿಲ್ಲದ, ಒಂದು ಕಾಲಕ್ಕೆ ಅವರೇ ಬಯಸಿದ್ದಂಥ ಮೇಲ್‌ಗಳು. ಬೇರೆ ಪ್ರಾಜೆಕ್ಟಿಗೆ ಕಳಿಸಿ ಎಂಬ ಕೋರಿಕೆಯೂ ಕೊನೆಗೆ ಹಾಗೆಯೇ ಬಂತು.

ಬದರಿನಾಥರು ಅದನ್ನು ಎರಡು ಸಲ ಓದಿದರು. ಮೌಶುಮಿಯನ್ನು ಕರೆದು ಕೇಳಿದರು. ಅವಳು ಮೊದಲು ಏನಿಲ್ಲ ಅಂದಳು, ಆಮೇಲೆ ತಡೆಯಲಾರದೆ ಹೇಳಿಬಿಟ್ಟಳು: "ನಮ್ಮಲ್ಲಿ ಮದುವೆಗೆ ಬರದಿದ್ದರೂ ನಡೆಯುತ್ತೆ ಸರ್, ಶ್ರಾದ್ಧಕ್ಕೆ ಬರಲೇಬೇಕು. ಅವರು ನಮಗೋಸ್ಕರ ಒಂದು ಕೋಣೆಯನ್ನೇ ಬಿಡಿಸಿ ಕುರ್ಚಿ ಹಾಕಿಸಿದ್ದರಂತೆ. ಸಂಜೆಯವರೆಗೂ ಅದು ಖಾಲಿ. ಆಫೀಸಿನವರು ಎಲ್ಲಿ ಅಂತ ನೆಂಟರೆಲ್ಲ ಕೇಳಿದರಂತೆ."

ಆ ಖಾಲಿ ಕೋಣೆ ಬದರಿನಾಥರ ಕಣ್ಣಿಗೆ ಕಟ್ಟಿಬಿಟ್ಟಿತು. ನಾಚಿಕೆಯಿಂದ ಅವರಿಗೆ ಎರಡು ದಿನ ಅನ್ನ ಸೇರಲಿಲ್ಲ. ಭಾನುವಾರ ರಜನಿಗಂಧ ಹೂವಿನ ಕಟ್ಟು ಹಿಡಿದು ಬೆಹಾಲಾಕ್ಕೆ ಹೊರಟರು. ಹೇಳುವ ಮಾತನ್ನು ಬಸ್ಸಿನಲ್ಲಿ ಮತ್ತೆ ಮತ್ತೆ ಉರು ಹೊಡೆದರು. ಶ್ರಾದ್ಧ ನಮ್ಮಲ್ಲಿ ಹೇಗೆ, ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ. ಗೊತ್ತಾದರೆ ಸುಬಿಮಲ್ ನಕ್ಕುಬಿಡುತ್ತಾನೆ, ಮತ್ತೆ ಕೈ ಹಿಡಿದು ಚಹಾಕ್ಕೆ ಎಳೆಯುತ್ತಾನೆ ಎಂಬ ಆಸೆ ಇತ್ತು.

ಸುಬಿಮಲ್ ಬಾಗಿಲು ತೆರೆದು, ಒಳಗೆ ಕರೆದು, ಕೂರಿಸಿದ. ಅವನ ಹೆಂಡತಿ ಸಂದೇಶ್ ಮಿಠಾಯಿ, ನೀರು ತಂದಿಟ್ಟಳು. ಗೋಡೆಯ ಪಕ್ಕ ಸಣ್ಣ ಮೇಜಿನ ಮೇಲೆ ತಾಯಿಯ ಪಟ. ಬದರಿನಾಥರು ಉರು ಹೊಡೆದದ್ದನ್ನೆಲ್ಲ ಹೇಳಿದರು. ಸುಬಿಮಲ್ ನಡುವೆ ಬಾಯಿ ಹಾಕದೆ ಕೇಳಿದ.

"ಅದು ನನಗೆ ಅವತ್ತೇ ಅನ್ನಿಸಿತ್ತು" ಎಂದ. "ಅವರ ಕಡೆ ಪದ್ಧತಿ ಬೇರೆ ಇರಬೇಕು ಅಂತ ಇವಳಿಗೂ ಹೇಳಿದೆ. ನೀವು ಬರದೆ ಇದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಹುಡುಗರನ್ನು ಯಾಕೆ ತಡೆದಿರಿ? ಅವರ ಪದ್ಧತಿ ಇದೇ ಅಲ್ಲವಾ?"

ಮರ್ಯಾದೆ ಎಂಬ ಮಾತು ಬದರಿನಾಥರ ನಾಲಿಗೆಯ ತುದಿಗೆ ಬಂತು, ಅದನ್ನು ಅವರು ನುಂಗಿಕೊಂಡರು. ಅವತ್ತು ಮೌಶುಮಿಗೆ ಉಪದೇಶ ಮಾಡುವಾಗ ತಲೆಯಲ್ಲಿ ಇದ್ದದ್ದು ಏನೆಂದು ಅವರಿಗೆ ಈಗ ನಿಚ್ಚಳವಾಗಿ ಕಂಡಿತು. ಊರಿನ ಪದ್ಧತಿ ಒಳ್ಳೆಯ ಸಮಯಕ್ಕೆ ಒದಗಿಬಂದಿತ್ತು, ಅಷ್ಟೆ.

"ಡೆಮೊ ಇತ್ತಲ್ಲ, ಸುಬಿಮಲ್" ಎಂದರು ಮೆಲ್ಲಗೆ.

ಸುಬಿಮಲ್ ಹೇಳಿದ: "ಅದನ್ನು ಫೋನ್ ಮಾಡಿ ಹೇಳಿದ್ದರೆ, ಯಾರೂ ಬರಬೇಡಿ, ಕೆಲಸ ಮುಗಿಸಿ ಅಂತ ನಾನೇ ಹೇಳುತ್ತಿದ್ದೆ. ಅಮ್ಮನೂ ಹಾಗೇ ಅನ್ನುತ್ತಿದ್ದಳು. ನೀವು ಒಂದು ಮಾತು ಕೇಳಲಿಲ್ಲ."

ಪ್ರಾಜೆಕ್ಟ್ ಬದಲಿಸುವ ಕೋರಿಕೆ ವಾಪಸು ತಗೊಳ್ಳಿ ಎನ್ನಲು ಬಂದಿದ್ದ ಬದರಿನಾಥರು ಆ ಮಾತನ್ನು ಕೈಬಿಟ್ಟರು. ಎದ್ದು ಪಟದ ಹತ್ತಿರ ಹೋದರು. ಹೂವನ್ನು ಪಟದ ಮುಂದೆ ಇಡುವುದೋ, ಪಕ್ಕದ ಹಿತ್ತಾಳೆ ಹೂದಾನಿಗೆ ಹಾಕುವುದೋ, ಚಪ್ಪಲಿ ಬಿಟ್ಟದ್ದು ಸಾಕೋ, ಕಾಲು ತೊಳೆಯಬೇಕೋ, ಒಂದೂ ಅವರಿಗೆ ತಿಳಿಯಲಿಲ್ಲ. ಸುತ್ತಲೂ ನೋಡಿ ಊಹಿಸಿಕೊಳ್ಳುವುದು ಅವರ ಅಭ್ಯಾಸ. ಈ ಸಲ ಹಾಗೆ ಮಾಡದೆ ತಿರುಗಿ ನಿಂತು ಕೇಳಿದರು: "ಇದನ್ನು ಎಲ್ಲಿಡಬೇಕು ಸುಬಿಮಲ್? ನಿಮ್ಮಲ್ಲಿ ಹೇಗೆ ಮಾಡುತ್ತಾರೆ?"

"ಎಲ್ಲಿಟ್ಟರೂ ಆಗುತ್ತೆ ಸರ್" ಎಂದ ಸುಬಿಮಲ್, ಕೂತಲ್ಲಿಂದ ಏಳದೆ.