ಮಾರ್ತಾಂಡರು ಮಾತ್ರೆ ಬಿಟ್ಟು ಬೆಟ್ಟ ಹತ್ತಿದ್ದು

ಮಾರ್ತಾಂಡ ಹುಯಿಲಗೋಳರು ಪುಣೆ ಹತ್ತಿರದ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಧಾರವಾಡದಲ್ಲಿದ್ದ ಅವರ ಅಣ್ಣನಿಗೆ ಹೃದಯಾಘಾತವಾಗಿ, ಬದುಕಿ ಉಳಿದ ಮೇಲೆ ಇವರಿಗೂ ದಿಗಿಲು ಹತ್ತಿತು. ಆದರೆ ಸಿಗರೇಟು ಬಿಡಲು ಮನಸ್ಸಾಗಲಿಲ್ಲ. ಯಾರೋ ಹೇಳಿದರೆಂದು ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್ ಮಾತ್ರೆಗಳನ್ನು ನುಂಗತೊಡಗಿದರು. ಸಿಗರೇಟಿನ ಪಾಪವನ್ನು ಮಾತ್ರೆ ತೊಳೆಯುತ್ತದೆಂದು ನಂಬಿ ಮೂರು ವರ್ಷ ನೆಮ್ಮದಿಯಾಗಿದ್ದರು.

ಕಾರ್ಖಾನೆಯ ಆರೋಗ್ಯ ತಪಾಸಣೆಗೆ ಬಂದ ಡಾಕ್ಟರ್ ಮಾಧುರಿ ಬೆಳಗಾವಿ ಕಡೆಯವರು. ಇವರ ಕನ್ನಡ ಕೇಳಿ ಖುಷಿಪಟ್ಟರು. ಮಾತ್ರೆ ಸುದ್ದಿ ಕೇಳಿ ಗಂಭೀರರಾದರು.

"ಹಣ್ಣು, ಕಾಯಿಪಲ್ಲೆ ತಿನ್ನೋರ ಹೃದಯ ಚೊಲೋ ಇರ್ತದ, ಅದು ಖರೇ. ಹಂಗಂತ ಅದರೊಳಗಿನ ವಿಟಮಿನ್ನಿನ ಮಾತ್ರೆ ಮಾಡಿ ಸಾವಿರಾರು ಮಂದಿಗೆ ವರ್ಷಗಟ್ಟಲೆ ಕೊಟ್ಟು ನೋಡ್ಯಾರ್ರಿ. ಹೃದಯದ ರೋಗ ತಪ್ಪಲಿಲ್ಲ. ಬೀಟಾ ಕ್ಯಾರೊಟಿನ್ನಂತೂ ಸಿಗರೇಟ್ ಸೇದೋರಿಗೆ ಅಪಾಯ. ಅವರೊಳಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾತು."

"ಹಂಗಾರ ನಾ ಏನ್ ಮಾಡ್ಲಿರಿ?"

"ಆ ಮಾತ್ರೆ, ಸಿಗರೇಟ್ ಎರಡೂ ಬಿಡ್ರಿ. ತಾಟಿನ ತುಂಬ ಕಾಯಿಪಲ್ಲೆ ಉಣ್ರಿ. ದಿನಾ ನಡೀರಿ, ಅವಸರ ಮಾಡಬ್ಯಾಡ್ರಿ."

ಮನೆಗೆ ಬಂದು ಮಾತ್ರೆ ಡಬ್ಬಿ ಕಸದ ಬುಟ್ಟಿಗೆ ಹಾಕಿ, ಡಾಕ್ಟರ್ ಹೇಳಿದ್ದನ್ನೆಲ್ಲ ಹೆಂಡತಿ ಇಂದೂ ಅವರಿಗೆ ಒಪ್ಪಿಸಿದರು. ಬೈಗುಳ ಕಾದಿದೆಯೆಂದುಕೊಂಡಿದ್ದರು; ಆಕೆ ಗಜ್ಜರಿ, ಈಳಿಗೆ ಮುಂದಿಟ್ಟರು. "ಸೇದಬೇಕು ಅನಿಸಿದಾಗೆಲ್ಲ ಇದನ್ನ ಹೆಚ್ರಿ," ಅಂದರು.

ಮೊದಲ ವಾರ ಮನೆಯಲ್ಲಿ ಹಸಿ ಗಜ್ಜರಿಯ ಪಚಡಿಯೋ ಪಚಡಿ. ಹೆಚ್ಚಿ ಉಳಿದದ್ದು ನೆರೆಮನೆಗೂ ಹೋಯಿತು. ಮಾರ್ತಾಂಡರು ಸಿಡುಕಿದರು, ಎರಡು ಸಲ ಸೋತು ಸೇದಿಯೂ ಬಂದರು, ಮತ್ತೆ ಈಳಿಗೆಮಣೆ ಹತ್ತಿ ಕುಳಿತರು. ಮೂರನೇ ತಿಂಗಳಿಗೆ ಹಂಬಲ ಸಡಿಲಿತು. ಜೋಳದ ರೊಟ್ಟಿ, ಹಸಿ ಮೆಂತೆಪಲ್ಲೆ ಮೊದಲಿಲ್ಲದಷ್ಟು ರುಚಿಸತೊಡಗಿದವು.

ಭಾನುವಾರ ಬೆಳಗ್ಗೆ ಇಬ್ಬರೂ ಊರ ಹತ್ತಿರದ ಘೋರಾವಡೇಶ್ವರ ಬೆಟ್ಟಕ್ಕೆ ಹೋಗುತ್ತಿದ್ದರು. ಆರಂಭದಲ್ಲಿ ನಲವತ್ತು ಮೆಟ್ಟಿಲಿಗೇ ಏದುಸಿರು. ಡಾಕ್ಟರ್ ಹೇಳಿದಂತೆ ಅವಸರ ಮಾಡದೆ, ವಾರಕ್ಕಿಷ್ಟು ಎಂದು ಹತ್ತಿದರು. ದೀಪಾವಳಿಯ ಮುಂಚಿನ ಭಾನುವಾರ ಮೇಲಿನ ಶಿವನ ಗುಹೆಯವರೆಗೂ ತಲುಪಿಬಿಟ್ಟರು. ಕೆಳಗೆ ಹೆದ್ದಾರಿ, ರೈಲು ಹಳಿ, ಎಳೆಬಿಸಿಲು.

ಶಿವಲಿಂಗದ ಮುಂದೆ ಕೈಮುಗಿದ ಮಾರ್ತಾಂಡರು ಕಣ್ಣು ಮುಚ್ಚಿ ಒಂದು ಭಜನೆ ಎತ್ತಿಕೊಂಡರು. ಸ್ವರ ಅಲ್ಲಲ್ಲಿ ಜಾರಿತು, ಉಸಿರು ಮಾತ್ರ ಕಡೆತನಕ ಸಾಕಾಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಇಂದೂ ಗಂಡನ ಹಾಡು ಕೇಳಿದ್ದು ಅದೇ ಮೊದಲು.

"ನಿಮಗ ಹಾಡಾಕ ಬರ್ತದೇನ್ರಿ?"

"ಹುಡುಗ ಇದ್ದಾಗ ಹಾಡ್ತಿದ್ದೆ. ಆಮ್ಯಾಲ ದಮ್ಮ ಇರಲಿಲ್ಲ ನೋಡು."

"ಇನ್ನೊಂದು ಹಾಡ್ರಿ," ಎಂದು ಇಂದೂ ಕಲ್ಲಿನ ಮೇಲೆ ಆರಾಮಾಗಿ ಕುಳಿತರು.