ಅಂಕಣದ ಹಿಂದೆ ನಿಂತ ಬಸಲಿಂಗಮ್ಮ

ಬೆಳಗಿನ ಆರೂವರೆ. ನ್ಯೂಜೆರ್ಸಿಯ ಈ ಒಳಾಂಗಣ ಕ್ರೀಡಾಂಗಣದಲ್ಲಿ ಇನ್ನೂ ಅರ್ಧ ದೀಪಗಳಷ್ಟೇ ಹೊತ್ತಿವೆ. ವಾಲಿಬಾಲ್ ಆಡಬೇಕಾದ ಹುಡುಗಿಯರು ಹೊರಗೆ ಕಾರುಗಳಲ್ಲಿ ನಿದ್ದೆ ಹೊಡೆಯುತ್ತಿದ್ದಾರೆ. ನಾಲ್ಕನೆಯ ಅಂಕಣದ ಹಿಂದಿನ ಗೆರೆಯಿಂದ ಎಂಟು ಹೆಜ್ಜೆ ಎಣಿಸಿ, ಬಸಲಿಂಗಮ್ಮ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸುತ್ತಾರೆ. ಅಲುಗಾಡದಿರಲೆಂದು ಅದಕ್ಕೊಂದು ನೀರಿನ ಬಾಟಲಿ ತೂಗುಹಾಕುತ್ತಾರೆ. ನದಿಯಾಚೆ ಹಿಕ್ಸ್‌ವಿಲ್‌ ಊರಿನ ಮನೆ ಬಿಟ್ಟಾಗ ನಾಲ್ಕೂವರೆ. ದಾರಿಯಲ್ಲಿ ಫೋರ್ಟ್ ಲೀ ಊರು ದಾಟುವಾಗ ಅಲ್ಲಿನ ಎತ್ತರದ ಕಟ್ಟಡಗಳಲ್ಲಿ ಒಬ್ಬರೂ ಎದ್ದಿರಲಿಲ್ಲ.

"ಎಂಟಕ್ಕ ಸನ್ನಿಧಿ ಆಟ ಐತ್ರಿ. ಕಾಲೇಜಿನ ಕೋಚ್ ಎಲ್ಲಾರೂ ಬರೂದಿಲ್ಲ. ಬರದವರಿಗೆ ನನ್ನ ವಿಡಿಯೋ ಹೋಗತೈತಿ," ಎನ್ನುತ್ತಾ ಅವರು ಲೆನ್ಸ್ ಒರೆಸುತ್ತಾರೆ.

ಸನ್ನಿಧಿ ಹನ್ನೊಂದನೆಯ ತರಗತಿಯ ಹುಡುಗಿ. ಇಲ್ಲಿ ಹೈಸ್ಕೂಲಿನ ಮಕ್ಕಳು ಕಾಲೇಜು ತಂಡ ಸೇರಬೇಕಾದರೆ, ತಾವೇ ಕೋಚ್‌ಗಳಿಗೆ ಇಮೇಲ್ ಬರೆದು ತಮ್ಮ ಆಟದ ತುಣುಕುಗಳನ್ನು ಕಳಿಸಬೇಕು. ಕೋಚ್‌ಗೆ ಹಿಡಿಸಿದರೆ ಉತ್ತರ ಬರುತ್ತದೆ. ಹಿಡಿಸದಿದ್ದರೆ ಅದೂ ಇಲ್ಲ.

ಬಸಲಿಂಗಮ್ಮನಿಗೆ ಈಗ ನಲವತ್ತೊಂಬತ್ತು. ವಾರದ ಐದು ದಿನ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾರೆ, ಉಳಿದೆರಡು ದಿನ ಅಂಕಣದ ಹಿಂದೆ. ದಿನಕ್ಕೆ ಐದು ಪಂದ್ಯ. ಆರು ಗಂಟೆಯ ಚಿತ್ರೀಕರಣ ಸೋಸಿದರೆ ಉಳಿಯುವುದು ಎರಡು ನಿಮಿಷ. ನಾಲ್ಕು ವರ್ಷಗಳಲ್ಲಿ ನಲವತ್ತೊಂದು ಮಕ್ಕಳಿಗೆ ವಿಡಿಯೋ ಮಾಡಿಕೊಟ್ಟಿದ್ದಾರೆ. ಅವರಲ್ಲಿ ಹದಿನೇಳು ಮಂದಿ ಇಂದು ಕಾಲೇಜು ತಂಡಗಳಲ್ಲಿದ್ದಾರೆ. ದುಡ್ಡು ಮುಟ್ಟುವುದಿಲ್ಲ. ದೀಪಾವಳಿಗೆ ಯಾರಾದರೂ ಒಂದು ಡಬ್ಬಿ ಚಕ್ಕುಲಿ ಕೊಟ್ಟರೆ ಅದೇ ಸನ್ಮಾನ.

ಕಳೆದ ವರ್ಷ ಹೀಗೆ ಆಯ್ಕೆಯಾದ ಹುಡುಗಿಯೊಬ್ಬಳ ತಂದೆ ಶಂಕರನಾರಾಯಣ, ಫ್ಲಶಿಂಗ್‌ನ ಗಣಪತಿ ದೇವಸ್ಥಾನದಲ್ಲಿ ಪೂಜೆ ಮಾಡಿಸಿ ಕ್ಯಾಂಟೀನಿನಲ್ಲಿ ಎಲ್ಲರಿಗೂ ದೋಸೆ ಕೊಡಿಸಿದರು. ಕೋಚ್‌ಗೆ ವಂದಿಸಿದರು, ಫಿಸಿಯೋಗೆ ವಂದಿಸಿದರು, ಗಣಪತಿಗಂತೂ ಸರಿಯೇ. ಬಸಲಿಂಗಮ್ಮನ ಹೆಸರು ಬರಲಿಲ್ಲ. ಅವರನ್ನು ಕರೆದಿರಲಿಲ್ಲವೆಂದಲ್ಲ. ಕರೆದಿದ್ದರು, ಆ ಸಮಾರಂಭದ ವಿಡಿಯೋ ತೆಗೆಯುವುದಕ್ಕೆ.

ಕ್ಯಾಮೆರಾ ಅವರಿಗೆ ಹೊಸದಲ್ಲ. ರಾಣೇಬೆನ್ನೂರಿನಲ್ಲಿ ಅಪ್ಪನ ಸ್ಟುಡಿಯೋ ಇತ್ತು. ಮದುವೆಮನೆಗಳಲ್ಲಿ ಲೈಟ್ ಹಿಡಿದು ಬೆಳೆದವರು, ಮುಂದೆ ಮದುವೆಯ ವಿಡಿಯೋ ಕ್ಯಾಸೆಟ್ ಜೋಡಿಸುವುದನ್ನೂ ಕಲಿತರು. ಆ ಕಸುಬಿಗೊಂದು ಕಟ್ಟಳೆಯಿತ್ತು. ಮೊದಲು ಗಣಪತಿ, ಆಮೇಲೆ ಹಿರಿಯರು, ಆಮೇಲೆ ಬೀಗರು, ನಡೆದದ್ದೆಲ್ಲ ನಡೆದ ಕ್ರಮದಲ್ಲೇ. ಯಾರದೇ ಮುಖ ಬಿಟ್ಟರೂ ಜಗಳ. "ಕತ್ತರಿ ಹಾಕಬ್ಯಾಡ ಅಂತಿದ್ದ ನಮ್ಮಪ್ಪ," ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅವರು ಮಾಡಿದ ಮೊದಲ ವಾಲಿಬಾಲ್ ವಿಡಿಯೋ ಮಗಳು ರಕ್ಷಾಳದು. ಐದು ವರ್ಷದ ಹಿಂದಿನ ಮಾತು. ಹಿಂದಿನ ಸಾಲಿನಲ್ಲಿ ನಿಂತು, ಇನ್ನೇನು ನೆಲಕ್ಕೆ ಬಿತ್ತು ಎನ್ನುವ ಚೆಂಡನ್ನು ಹಾರಿ ಎತ್ತುವುದು ರಕ್ಷಾಳ ಕೆಲಸ. ಪರೀಕ್ಷೆಯ ವಾರ, ಅವಳಿಗೆ ಪುರುಸೊತ್ತಿಲ್ಲ. "ಯು ಡೂ ಇಟ್ ಅಮ್ಮಾ, ಐ ಟ್ರಸ್ಟ್ ಯು," ಎಂದಳು. ಅಮ್ಮ ಒಂದು ವಾರ ಕೂತು ಜೋಡಿಸಿದರು. ಗಣಪತಿ, ಹೂವಿನ ಅಂಚಿನಲ್ಲಿ ಮಗಳ ಹೆಸರು, ಕೋಚ್‌ಗೆ ನಮಸ್ಕಾರ, ತಂಡದ ಹನ್ನೆರಡು ಹುಡುಗಿಯರ ಮುಖ, ಎದುರು ತಂಡದವರ ಮುಖ. ಆಮೇಲೆ ಆಟ, ಮೊದಲಿನಿಂದ, ತಪ್ಪಿದ ಚೆಂಡುಗಳೂ ಸೇರಿ. ಒಟ್ಟು ಹದಿನಾಲ್ಕು ನಿಮಿಷ. ರಕ್ಷಾ ಅದನ್ನು ತೆರೆದೂ ನೋಡದೆ ಮೂವತ್ತೆರಡು ಕೋಚ್‌ಗಳಿಗೆ ಕಳಿಸಿದಳು.

ಒಂದು ಉತ್ತರವೂ ಬರಲಿಲ್ಲ.

ತಿಂಗಳುಗಳು ಕಳೆದ ಮೇಲೆ ರಕ್ಷಾ ಆಡುತ್ತಿದ್ದ ಕ್ಲಬ್ಬಿನ ಕೋಚ್ ಟೋನಿ ಆ ವಿಡಿಯೋ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಕಾಲೇಜು ಕೋಚ್‌ಗಳು ಇಪ್ಪತ್ತು ಸೆಕೆಂಡು ನೋಡಿ ಮುಚ್ಚಿಬಿಡುತ್ತಾರೆ, ನಿಮ್ಮ ಮಗಳು ಚೆಂಡು ಮುಟ್ಟುವುದೇ ಐದನೆಯ ನಿಮಿಷಕ್ಕೆ ಎಂದರು. ಅಷ್ಟರಲ್ಲಿ ಕಾಲೇಜು ತಂಡಗಳೆಲ್ಲ ಭರ್ತಿಯಾಗಿದ್ದವು.

ಒಳ್ಳೆಯದನ್ನು ಮೊದಲು ಹಾಕು, ಉಳಿದದ್ದನ್ನು ಎಸೆ: ಬಸಲಿಂಗಮ್ಮ ಪಾಠ ಕಲಿತರು. ಆ ಪಾಠದಿಂದ ಹದಿನೇಳು ಮನೆಗಳಲ್ಲಿ ಸಿಹಿ ಹಂಚಿದರು. ಅದಕ್ಕೆ ಬೆಲೆ ತೆತ್ತದ್ದು ಯಾರ ಮಗಳು ಎಂದು ಒಬ್ಬರೂ ಕೇಳಲಿಲ್ಲ. "ನಿಮ್ಮ ಮಗಳೂ ಆಡ್ತಿದ್ಲಲ್ವಾ? ಯಾಕೆ ಬಿಟ್ಬಿಟ್ಲು?" ಎಂದು ಮಾತ್ರ ಕೇಳುತ್ತಾರೆ.

ರಕ್ಷಾ ಈಗ ದಿನಾ ರೈಲಿನಲ್ಲಿ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗುತ್ತಾಳೆ. ಚೆಂಡು ಮುಟ್ಟಿ ನಾಲ್ಕು ವರ್ಷವಾಯಿತು. ಮನೆಯಲ್ಲಿ ಆಟದ ಮಾತು ಬಂದರೆ ಎದ್ದು ಕೋಣೆ ಸೇರುತ್ತಾಳೆ.

"ತಪ್ಪು ನಂದು, ನಿಂದಲ್ಲವ್ವಾ ಅಂತ ಎಷ್ಟ ಸಲ ಹೇಳೀನ್ರೀ. 'ಇಟ್ಸ್ ಓಕೆ ಅಮ್ಮಾ, ಐ ವಾಸ್ ನಾಟ್ ದಟ್ ಗುಡ್' ಅಂತಾಳ. ಬೈದಿದ್ರ ತಡಕೋತಿದ್ದೆ. ಆಕಿ ಓಕೆ ಅಂತಾಳಲ್ರೀ, ಅದನ್ನ ತಡಕೊಳ್ಳಾಕ ಆಗೂದಿಲ್ಲ."

ಎಂಟು ಗಂಟೆ. ಆಟ ಶುರುವಾಗುತ್ತದೆ. ಸನ್ನಿಧಿ ಹಾರಿ ಬಿದ್ದು ಚೆಂಡೊಂದನ್ನು ಎತ್ತುತ್ತಾಳೆ, ಅವಳ ಅಮ್ಮ ಎದ್ದು ನಿಂತು ಕೂಗುತ್ತಾರೆ. ಚಪ್ಪಾಳೆ ತಟ್ಟಿದರೆ ಚಿತ್ರ ಅಲುಗುತ್ತದೆಂದು ಬಸಲಿಂಗಮ್ಮನ ಎರಡೂ ಕೈ ಕ್ಯಾಮೆರಾದ ಮೇಲೆಯೇ ಇವೆ. ಮಗಳು ಆಡುವಾಗಲೂ ಹೀಗೇ ಇದ್ದವಂತೆ.

ಪಂದ್ಯ ಮುಗಿದ ಮೇಲೆ ರೊಟ್ಟಿ ಬಿಚ್ಚುತ್ತಾ ಒಂದು ವಿಷಯ ಹೇಳುತ್ತಾರೆ. ರಕ್ಷಾಳ ಹಳೆಯ ಆಟಗಳ ಚಿತ್ರೀಕರಣವನ್ನೆಲ್ಲ ಹೊಸದಾಗಿ ಜೋಡಿಸಿದ್ದಾರೆ. ಈ ಸಲ ಗಣಪತಿಯಿಲ್ಲ, ಹೂವಿನ ಅಂಚಿಲ್ಲ, ಮೊದಲ ಸೆಕೆಂಡಿನಲ್ಲೇ ಅವಳು ಗಾಳಿಯಲ್ಲಿದ್ದಾಳೆ. ಒಂದು ನಿಮಿಷ ಐವತ್ತು ಸೆಕೆಂಡು. ಫೋನಿನಲ್ಲಿಟ್ಟುಕೊಂಡು ಎರಡು ವರ್ಷವಾಯಿತು. ಮಗಳು ಇನ್ನೂ ನೋಡಿಲ್ಲ.

"ಈಗ ಯಾವ ಕಾಲೇಜಿಗೂ ಕಳಸೂದು ಬ್ಯಾಡ್ರಿ. ಆಕಿ ಒಮ್ಮೆ ಕುಂತು ನೋಡಿದ್ರ ಸಾಕು. ನನ್ನ ಮಗಳು ಎಷ್ಟ ಚಲೋ ಆಡ್ತಿದ್ಲು ಅನ್ನೂದು ಟೋನಿಗೆ ಗೊತ್ತೈತಿ, ನನಗ ಗೊತ್ತೈತಿ. ಆಕಿಗೊಬ್ಬಾಕಿಗೇ ಗೊತ್ತಿಲ್ರಿ."