ಬೆಟ್ಟದ ದಾರಿಗೆ ಒಂದೇ ಲೆನ್ಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ಬುಡದ ಗೇಟಿನ ಬಳಿ ಕಲ್ಲುಬೆಂಚಿನ ಮೇಲೆ ಕುಳಿತು ಆಕೆ ಮೆತ್ತನೆಯ ಬಟ್ಟೆಯಿಂದ ಲೆನ್ಸಿನ ಗಾಜು ಒರೆಸುತ್ತಿದ್ದಾರೆ. ಒರೆಸುವುದು ಎಡಗೈ. ಬಲಗೈ ಮಡಿಲಲ್ಲಿ ಸುಮ್ಮನಿದೆ. ಹತ್ತಲು ಶುರುಮಾಡುವ ತನಕ ಅದಕ್ಕೆ ವಿಶ್ರಾಂತಿ. ಬೆಟ್ಟಕ್ಕೆ ಬರುವವರ ಜೊತೆ ನಡೆದು ಅವರ ಫೋಟೊ ತೆಗೆದುಕೊಡುವುದು ಆಕೆಯ ಕಸುಬು. ಇಲ್ಲಿ ಎಲ್ಲರ ಬಾಯಲ್ಲೂ ಆಕೆ ‘ಫೋಟೊ ಅಕ್ಕ’.

ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದು ಬಲ ಹೆಗಲು ಮುರಿಯಿತು. ಭಾರ ಹೊರಬೇಡಿ ಎಂದರು ವೈದ್ಯರು. ಆಕೆಯ ಚೀಲದಲ್ಲಿದ್ದದ್ದೆಲ್ಲ ಭಾರವೇ: ಅಗಲಕ್ಕೊಂದು, ಮುಖಕ್ಕೊಂದು, ದೂರಕ್ಕೊಂದು ಎಂದು ಮೂರು ಲೆನ್ಸು. ಗುಂಪುಗಳನ್ನು ಹಂಚುವ ಹಿರಿಯ ಗೈಡು ಅಂದಿನಿಂದ ಆಕೆಯನ್ನು ಗೇಟಿನಲ್ಲೇ ನಿಲ್ಲಿಸಿದ್ದಾರೆ. ಬೆಟ್ಟ ಹತ್ತುವ ಮುಂಚೆ ಯಾರು ಫೋಟೊ ತೆಗೆಸಿಕೊಳ್ಳುತ್ತಾರೆ? ಕೆಲಸ ಇದ್ದೂ ಇಲ್ಲದ ಹಾಗೆ. ಕೇಳಿ ಕೇಳಿ ಇವತ್ತು ಮೇಲಿನ ದಾರಿಗೆ ಒಂದು ಅವಕಾಶ ಸಿಕ್ಕಿದೆ. ಹತ್ತಿ ಇಳಿದರೆ ದಾರಿ ಮತ್ತೆ ಆಕೆಯದು. ಇಲ್ಲದಿದ್ದರೆ ಗೇಟೇ ಗತಿ.

“ಆ ಮೂರನ್ನೂ ಮಾರಿ ಇದೊಂದನ್ನ ತಗೊಂಡೆ” ಎಂದು ಜೂಮಿನ ಉಂಗುರ ತಿರುಗಿಸಿ ತೋರಿಸುತ್ತಾರೆ. ಒಂದು ತುದಿಯಲ್ಲಿ ಇಡೀ ಕಣಿವೆ, ಇನ್ನೊಂದು ತುದಿಯಲ್ಲಿ ಎದುರು ಗುಡ್ಡದ ಒಂಟಿ ಮರ. “ಮನೆಗೊಬ್ಬಳೇ ಸೊಸೆ ಇದ್ದ ಹಾಗೆ ಇದು. ಎಲ್ಲಾ ಕೆಲಸಾನೂ ಮಾಡುತ್ತೆ, ಎಲ್ಲರ ಹತ್ರಾನೂ ಬೈಸ್ಕೊಳ್ಳುತ್ತೆ.”

ಬೈಗುಳದಲ್ಲಿ ಸ್ವಲ್ಪ ನ್ಯಾಯವೂ ಇದೆ. ಮಬ್ಬು ಬೆಳಕಿನಲ್ಲಿ ಪೂರ್ತಿ ಚಾಚಿದರೆ ಚಿತ್ರ ಕದಡುತ್ತದೆ. ಅದಕ್ಕೇ ಬಿಸಿಲೇರುವವರೆಗೆ ಆಕೆ ದೂರದ ಚಿತ್ರಕ್ಕೆ ಕೈಹಾಕುವುದಿಲ್ಲ. ನಡೆದು ಹತ್ತಿರ ಹೋಗಬಹುದಾದ ಕಡೆ ನಡೆದೇ ಹೋಗುತ್ತಾರೆ.

ಇವತ್ತಿನ ಗುಂಪು ಒಂದೇ ಮನೆಯವರು. ಅರ್ಧ ದಾರಿಯಲ್ಲಿ ಅಜ್ಜಿ ಬಂಡೆಯೊಂದರ ಮೇಲೆ ಕೂತುಬಿಡುತ್ತಾರೆ. “ನೀವು ಹೋಗ್ರಪ್ಪ. ನನ್ನ ಮಂಡಿ ಇಲ್ಲೇ ಇರುತ್ತಂತೆ.” ತಾತನೂ ಉಳಿದವರೂ ಮುಂದೆ ಸಾಗುತ್ತಾರೆ. ಫೋಟೊ ಅಕ್ಕ ಚೀಲವನ್ನು ಒಮ್ಮೆ ಈ ಹೆಗಲಿಗೆ, ಒಮ್ಮೆ ಆ ಹೆಗಲಿಗೆ ಬದಲಿಸುತ್ತ, ಮಾತು ಕಮ್ಮಿ ಮಾಡಿ ಹತ್ತುತ್ತಾರೆ.

ನೆತ್ತಿಗೆ ಇನ್ನೊಂದೇ ತಿರುವು. ಬಿಸಿಲು ಚೆನ್ನಾಗಿ ಬಿದ್ದಿದೆ. ತಾತ ದಾರಿಯ ಅಂಚಿಗೆ ಬಂದು ಟೋಪಿ ತೆಗೆದು ಬೀಸುತ್ತ ಕೆಳಕ್ಕೆ ಕೂಗುತ್ತಾರೆ, “ಏ ಇವಳೇ! ಕಾಣ್ತೀನೇನೆ?” ಅಗಲದಲ್ಲಿ ಒಂದು ಚಿತ್ರ: ತಾತ, ಟೋಪಿ, ಬೆನ್ನ ಹಿಂದೆ ಬರೀ ಆಕಾಶ. ಆ ಗಳಿಗೆಯಲ್ಲೇ ಕ್ಯಾಮೆರಾ ಕೆಳಗೆ ತಿರುಗುತ್ತದೆ, ಉಂಗುರ ಕೊನೆಯವರೆಗೆ. ಮಂಡಿನೋವು ಮರೆತು ಎದ್ದು ನಿಂತು, ಎರಡೂ ಕೈ ಎತ್ತಿದ ಅಜ್ಜಿ. ಲೆನ್ಸು ಬದಲಿಸುತ್ತ ಕೂತಿದ್ದರೆ ಆ ಕೈಗಳು ಇಳಿದುಬಿಡುತ್ತಿದ್ದವು.

ಇಳಿಯುವಾಗ ಬಂಡೆಯ ಬಳಿ ಅಜ್ಜಿ ಪುಟ್ಟ ಪರದೆಯಲ್ಲಿ ಎರಡನ್ನೂ ನೋಡುತ್ತಾರೆ. “ಇವರಿಗೆ ಇನ್ನೂ ಇಷ್ಟು ಹಲ್ಲು ಉಳಿದಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ದೂರದಿಂದ ನೋಡಿದ್ರೆ ನೀನೂ ಚೆನ್ನಾಗೇ ಇದೀಯ ಬಿಡು” ಎನ್ನುತ್ತಾರೆ ತಾತ.

ಗೇಟಿನಲ್ಲಿ ಕಾದಿದ್ದ ಹಿರಿಯ ಗೈಡು ಆಕೆಯ ಚೀಲ ಇಸಿದುಕೊಂಡು, ಎತ್ತಿ, ಭಾರ ನೋಡುತ್ತಾರೆ.

“ಇಷ್ಟೇನಾ?”

“ಇಷ್ಟೇ ಅಣ್ಣ.”

“ಹಂಗಾದ್ರೆ ನಾಳೆ ಬೇಗ ಬಾರಮ್ಮ. ಮೇಲಿನ ದಾರಿ ನಿಂದೇ.”

ಮನೆಯಿಂದ ಅತ್ತೆಯ ಫೋನು. ಬೆಳಗಿನಿಂದ ತಡೆದುಕೊಂಡಿದ್ದ ಒಂದೇ ಪ್ರಶ್ನೆ: ಹೆಗಲು ಹೇಗಿದೆ?

ಫೋಟೊ ಅಕ್ಕ ಬೆಂಚಿಗೆ ಒರಗಿ ನಗುತ್ತಾರೆ. “ನೋಯ್ತಿದೆ ಅತ್ತೆ. ಆದ್ರೆ ಇವತ್ತು ಎರಡೂ ಸಮಸಮ ನೋಯ್ತಿವೆ.”